ಎರಡು ಮೂಲ, ಒಂದು ದಾರಿ: ಬೈರಮಂಗಲ ಸೀಮೆಯ ಜನರೇಟರ್ ಪ್ಯಾನೆಲ್ ಮತ್ತು ವೃತ್ತಿಜ್ಞಾನ

ಕನ್ನಡ ಜಾನಪದ ಅಧ್ಯಯನವು ನೇಗಿಲು, ಮಗ್ಗ, ಗಾಣ, ಕುಲುಮೆಗಳ ವೃತ್ತಿಪದಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ರೂಪಿಸಿದ ಜಾನಪದ ಲೋಕದಲ್ಲಿ ಬೇಸಾಯದ ಮತ್ತು ಮನೆಬಳಕೆಯ ಪರಿಕರಗಳು ಜೋಪಾನವಾಗಿವೆ. ಅದೇ ಸೀಮೆಯ ವಿದ್ಯುತ್ ಕೆಲಸಗಾರರಲ್ಲಿ ಬೆಳೆದಿರುವ ಜ್ಞಾನವಾದರೋ ಅಧ್ಯಯನದ ಕಕ್ಷೆಗೆ ಅಷ್ಟಾಗಿ ಬಂದಿಲ್ಲ. ಸರಬರಾಜು ನಿಂತೊಡನೆ ಜನರೇಟರನ್ನು ತಾನಾಗಿಯೇ ಚಾಲೂ ಮಾಡಿ, ಭಾರವನ್ನು ಅದಕ್ಕೆ ವರ್ಗಾಯಿಸುವ ನಿಯಂತ್ರಣ ಪ್ಯಾನೆಲ್ ಈ ಜ್ಞಾನದ ಒಂದು ಉತ್ತಮ ಮಾದರಿ. ಅದರ ಜೋಡಣೆಯ ಕ್ರಮವನ್ನೂ ಅದರೊಳಗೆ ಅಡಗಿರುವ ಕಟ್ಟಳೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೈರಮಂಗಲವು ಬಿಡದಿಗೆ ಸಮೀಪದ ಗ್ರಾಮ. ಈ ಸೀಮೆಯು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟವು 2025ರ ಮೇ ತಿಂಗಳಲ್ಲಿ ಒಪ್ಪಿಗೆ ನೀಡಿತು. ವೃಷಭಾವತಿ ನದಿಗೆ 1940ರ ದಶಕದಲ್ಲಿ ಇಲ್ಲಿ ಜಲಾಶಯ ನಿರ್ಮಾಣವಾಯಿತು. ಮುಂದೆ ಬೆಂಗಳೂರಿನ ಕೊಳಚೆ ನೀರು ಈ ನದಿಯಲ್ಲಿ ಹರಿದುಬರತೊಡಗಿದಂತೆ ಸುತ್ತಲಿನ ಬೇಸಾಯದ ಸ್ವರೂಪವೂ ಬದಲಾಗಿ, ಮೇವಿನ ಹುಲ್ಲು ಮತ್ತು ಹೈನುಗಾರಿಕೆಗೆ ಪ್ರಾಧಾನ್ಯ ದೊರೆಯಿತು. ಕರೆದ ಹಾಲಿನ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಅದು ಕೆಡದಂತೆ ಬೇಗನೆ 4 ಡಿಗ್ರಿಗೆ ಇಳಿಸಬೇಕು. ಹಾಲು ಶೀತಲೀಕರಣ ಕೇಂದ್ರದಲ್ಲಿ ಕರೆಂಟು ಹೋದರೆ ಹತ್ತಾರು ಮನೆಗಳ ದುಡಿಮೆ ಒಂದೇ ತೊಟ್ಟಿಯಲ್ಲಿ ಹುಳಿಯುತ್ತದೆ. ರೇಷ್ಮೆ ನೂಲು ಬಿಚ್ಚುವ ಯಂತ್ರಗಳಿಗೂ ನಡುವೆ ನಿಲ್ಲದ ವಿದ್ಯುತ್ತು ಬೇಕು. ಜನರೇಟರ್ ಈ ಸೀಮೆಯ ಜೀವನೋಪಾಯದ ಅಂಗವಾದದ್ದು ಹೀಗೆ.

ಕೆಲಸಗಾರರು ಇದನ್ನು ‘ಎ.ಎಂ.ಎಫ್. ಪ್ಯಾನೆಲ್’ ಎನ್ನುತ್ತಾರೆ, ಆಟೋ ಮೇನ್ಸ್ ಫೇಲ್ಯೂರ್ ಎಂಬುದರ ಹ್ರಸ್ವರೂಪವದು. ಪ್ಯಾನೆಲ್‌ನ ಹೃದಯಭಾಗದಲ್ಲಿರುವುದು ಎರಡು ಕಾಂಟ್ಯಾಕ್ಟರುಗಳು. ಕಾಂಟ್ಯಾಕ್ಟರ್ ಎಂದರೆ ವಿದ್ಯುತ್ಕಾಂತದಿಂದ ಮುಚ್ಚಿಕೊಳ್ಳುವ ಸ್ವಿಚ್ಚು. ಸುರುಳಿಗೆ ವಿದ್ಯುತ್ತು ಬಂದರೆ ಕೂಡುತ್ತದೆ, ತಪ್ಪಿದರೆ ಬಿಟ್ಟುಕೊಳ್ಳುತ್ತದೆ. ಒಂದು ಮೇನ್ಸ್‌ಗೆ, ಇನ್ನೊಂದು ಜನರೇಟರಿಗೆ. ಇವೆರಡರ ಹೊರಬಾಗಿಲು ಒಂದೇ. ಅಲ್ಲಿಂದ ಭಾರಕ್ಕೆ ಕೇಬಲ್ ಹೋಗುತ್ತದೆ. ಮೇನ್ಸ್‌ನ ಒಳಬಾಗಿಲಿನಲ್ಲಿ, ಕಾಂಟ್ಯಾಕ್ಟರಿಗೂ ಮೊದಲೇ, ಮೂರು ಫೇಸುಗಳನ್ನು ಕಾಯುವ ರಿಲೇಯನ್ನು ಜೋಡಿಸಲಾಗುತ್ತದೆ. ಒಂದು ಫೇಸ್ ತಪ್ಪಿದರೂ ವೋಲ್ಟೇಜ್ ಕುಸಿದರೂ ಅದು ಸೂಚನೆ ಕೊಡುತ್ತದೆ.

ಸೂಚನೆ ದೊರೆತೊಡನೆ ಎಂಜಿನ್ ಚಾಲೂ ಆಗುವುದಿಲ್ಲ. ಕ್ಷಣಕಾಲ ಕರೆಂಟು ಮಿನುಗಿದ್ದಕ್ಕೆಲ್ಲ ಡೀಸೆಲ್ ಉರಿಸಬಾರದೆಂದು ಟೈಮರ್ ಕೆಲವು ಸೆಕೆಂಡು ಕಾಯುತ್ತದೆ. ಅನಂತರ 12 ವೋಲ್ಟ್ ಅಥವಾ 24 ವೋಲ್ಟ್ ಬ್ಯಾಟರಿಯಿಂದ ಸ್ಟಾರ್ಟರಿಗೆ ಆದೇಶ ಹೋಗುತ್ತದೆ. ಎಂಜಿನ್ ಹಿಡಿಯದಿದ್ದರೆ ನಡುವೆ ಬಿಡುವು ಕೊಟ್ಟು ಸಾಮಾನ್ಯವಾಗಿ ಮೂರು ಸಲ ಪ್ರಯತ್ನ ನಡೆದು, ಆಮೇಲೆ ಅಲಾರಂ ಕೂಗುತ್ತದೆ. ಎಂಜಿನ್ ಹಿಡಿದು ವೋಲ್ಟೇಜೂ ಆವರ್ತನವೂ ಸ್ಥಿರವಾದ ಮೇಲೆ ಜನರೇಟರಿನ ಕಾಂಟ್ಯಾಕ್ಟರ್ ಕೂಡುತ್ತದೆ. ಮೇನ್ಸ್ ಮರಳಿದಾಗಲೂ ಇದೇ ತಾಳ್ಮೆ. ಅದು ಕೆಲವು ನಿಮಿಷ ನಿಂತು ತೋರಿದ ಮೇಲೆಯೇ ಭಾರ ಹಿಂದಿರುಗುತ್ತದೆ. ಎಂಜಿನ್ ಭಾರವಿಲ್ಲದೆ ತುಸು ಹೊತ್ತು ಓಡಿ, ತಣಿದು ನಿಲ್ಲುತ್ತದೆ. ಬ್ಯಾಟರಿ ಸೋತರೆ ಈ ಏರ್ಪಾಡೆಲ್ಲ ವ್ಯರ್ಥ. ಆದಕಾರಣ ಅದಕ್ಕೆ ಮೇನ್ಸ್‌ನಿಂದ ಪ್ರತ್ಯೇಕ ಚಾರ್ಜರ್ ಇರಬೇಕು.

ಈ ಕ್ರಮದ ಅಡಿಗಲ್ಲು ಇಂಟರ್‌ಲಾಕ್. ಮೇನ್ಸ್ ಕಾಂಟ್ಯಾಕ್ಟರಿನ ಸುರುಳಿಗೆ ಹೋಗುವ ತಂತಿಯನ್ನು ಜನರೇಟರ್ ಕಾಂಟ್ಯಾಕ್ಟರಿನ ಸಹಾಯಕ ಸಂಪರ್ಕದ ಮೂಲಕ ಹಾಯಿಸುತ್ತಾರೆ. ಜನರೇಟರಿನ ಸುರುಳಿಯ ತಂತಿಯನ್ನು ಮೇನ್ಸ್‌ನದರ ಮೂಲಕ. ಈ ಸಹಾಯಕ ಸಂಪರ್ಕವು ಕಾಂಟ್ಯಾಕ್ಟರ್ ಬಿಟ್ಟಿರುವಾಗ ಮಾತ್ರ ಕೂಡಿರುವಂಥದು. ಒಂದು ಕೂಡಿದ್ದರೆ ಇನ್ನೊಂದರ ಸುರುಳಿಗೆ ವಿದ್ಯುತ್ತೇ ತಲುಪದು. ಇದರ ಮೇಲೆ, ಒಂದು ಒಳಸರಿದಾಗ ಇನ್ನೊಂದನ್ನು ಹಿಡಿದು ನಿಲ್ಲಿಸುವ ಯಾಂತ್ರಿಕ ಸನ್ನೆಯನ್ನೂ ಅಳವಡಿಸುತ್ತಾರೆ. ತಂತಿ ಸಡಿಲವಾಗಬಹುದು, ಅವಸರದಲ್ಲಿ ಯಾರಾದರೂ ಸಂಪರ್ಕವನ್ನು ತಪ್ಪಿಸಿ ‘ಡೈರೆಕ್ಟ್’ ಕೊಡಬಹುದು. ಆಗಲೂ ಕಬ್ಬಿಣದ ಸನ್ನೆ ಸುಳ್ಳಾಡದು.

ಇಷ್ಟೊಂದು ಎಚ್ಚರಿಕೆ ಯಾತಕ್ಕೆ? ಎರಡು ಮೂಲಗಳು ಕೂಡಿದರೆ ಜನರೇಟರ್ ಸುಡುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಗುರುತರವಾದದ್ದು ಇನ್ನೊಂದಿದೆ. ಊರಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಜನರೇಟರಿನ ವಿದ್ಯುತ್ತು ಹಿಮ್ಮುಖವಾಗಿ ಅದನ್ನು ಹೊಕ್ಕರೆ ಅದೇ ಯಂತ್ರ 415 ವೋಲ್ಟನ್ನು ಹೆಚ್ಚುಕಡಿಮೆ 11,000ಕ್ಕೆ ಏರಿಸುತ್ತದೆ. ಕರೆಂಟು ತೆಗೆದಿದೆ ಎಂಬ ನಂಬಿಕೆಯಿಂದ ಕಂಬವೇರಿದ ಲೈನ್‌ಮನ್‌ಗೆ ಆ ತಂತಿ ಮೃತ್ಯುವಾಗುತ್ತದೆ. ಪ್ಯಾನೆಲ್ ಕಾಯುವುದು ಹಾಲನ್ನು ಎಂಬುದು ಮೇಲ್ನೋಟದ ಮಾತು. ಅದು ಮೊದಲು ಕಾಯುವುದು ಆ ಕೇಂದ್ರಕ್ಕೆ ಎಂದೂ ಕಾಲಿಡದ ಒಬ್ಬ ಮನುಷ್ಯನ ಪ್ರಾಣವನ್ನು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು, ಅವುಗಳ ಸ್ಥಾನದಲ್ಲಿ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಮತ್ತು 2023ರ ಸುರಕ್ಷತಾ ನಿಯಮಾವಳಿಗಳು ಇಂತಹ ಸುರಕ್ಷತೆಗೆ ಲಿಖಿತ ಆಧಾರಗಳು.

ಜೋಡಣೆಯ ಇತರ ಕಟ್ಟಳೆಗಳೂ ಗಮನಾರ್ಹ. ಕೆಂಪು, ಹಳದಿ, ನೀಲಿ ಫೇಸಿನ ಬಣ್ಣಗಳು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಫೇಸುಗಳ ಜೊತೆ ನ್ಯೂಟ್ರಲ್ಲೂ ಬದಲಾಗುವಂತೆ ನಾಲ್ಕು ಧ್ರುವದ ಕಾಂಟ್ಯಾಕ್ಟರ್ ಬಳಸುವುದು ಕ್ಷೇಮಕರ. ಎರಡೂ ಮೂಲಗಳ ಫೇಸಿನ ಅನುಕ್ರಮ ಒಂದೇ ಆಗಿರಬೇಕು. ಯಾವುದಾದರೂ ಎರಡು ಅದಲುಬದಲಾದರೆ ಮೋಟಾರು ಹಿಮ್ಮುಖ ತಿರುಗುತ್ತದೆ. ಜನರೇಟರಿನ ಮೈಗೂ ನ್ಯೂಟ್ರಲ್ಲಿಗೂ ಪ್ರತ್ಯೇಕವಾಗಿ ಎರಡೆರಡು ಅರ್ಥಿಂಗ್ ಕೊಡುತ್ತಾರೆ. ಪ್ರತಿ ನಿಯಂತ್ರಣ ತಂತಿಯ ಎರಡೂ ತುದಿಗೆ ಒಂದೇ ಅಂಕಿಯ ಫೆರೂಲ್ ತೊಡಿಸುತ್ತಾರೆ. ಮುಂದೆ ಪ್ಯಾನೆಲ್ ಬಿಚ್ಚುವ ಅಪರಿಚಿತ ಕೆಲಸಗಾರನಿಗೆ ಬರೆದಿಟ್ಟ ಓಲೆಯದು. ಕೊನೆಗೆ, ಎರಡೂ ಕಡೆಯ ವಿದ್ಯುತ್ತನ್ನು ಕಡಿದು, ಎರಡು ಕಾಂಟ್ಯಾಕ್ಟರುಗಳನ್ನು ಕೈಯಿಂದ ಒಟ್ಟಿಗೆ ಒತ್ತಿ ನೋಡುತ್ತಾರೆ. ಎರಡನೆಯದು ಒಳಸರಿಯಲೊಲ್ಲದಿದ್ದರೆ ಸನ್ನೆ ಸರಿಯಿದೆ ಎಂದರ್ಥ.

ಈ ಕಟ್ಟಳೆಗೆ ಹಳೆಯ ಮೈಸೂರು ಸೀಮೆಯ ಕೆರೆ ವ್ಯವಸ್ಥೆಯಲ್ಲಿ ಒಂದು ಹೋಲಿಕೆಯಿದೆ. ಕೆರೆಯ ತೂಬು ಎತ್ತುವ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ಅಧಿಕಾರ ನೀರುಗಂಟಿಯದು; ಮಿಕ್ಕವರು ತೂಬಿಗೆ ಕೈಹಾಕುವಂತಿರಲಿಲ್ಲ. ಬಾಗಿಲು ತೆರೆಯುವವನು ಒಬ್ಬನೇ ಆಗಿರಬೇಕು, ತೆರೆಯುವುದಕ್ಕೆ ಸರದಿ ಇರಬೇಕು ಎಂಬ ತತ್ತ್ವ ಎರಡರಲ್ಲೂ ಸಮಾನ. ವ್ಯತ್ಯಾಸವೂ ಅಷ್ಟೇ ಮುಖ್ಯ. ನೀರುಗಂಟಿಗೆ ಕಾಲುವೆಯ ಕೆಳಗೆ ಯಾರಿದ್ದಾರೆಂದು ಕಾಣುತ್ತಿತ್ತು. ಪ್ಯಾನೆಲ್‌ಗೆ ಕಂಬದ ಮೇಲಿನವನು ಕಾಣುವುದಿಲ್ಲ. ಕಣ್ಣಿನ ಕೆಲಸವನ್ನು ತಂತಿಗೂ ಸನ್ನೆಗೂ ಒಪ್ಪಿಸಬೇಕಾದದ್ದು ಆ ಕಾರಣಕ್ಕೆ.

ಆಡುನುಡಿಯಲ್ಲಿ ಕರೆಂಟು ‘ಹೋಗುತ್ತದೆ’, ‘ಬರುತ್ತದೆ’. ಅದು ನೆಂಟರಂತೆ ಬಂದುಹೋಗುವ ವಸ್ತು. ಹೋದದ್ದು ಯಾವ ದಾರಿಯಿಂದ ಮರಳಬಹುದೆಂಬ ಅರಿವನ್ನು ಕೆಲಸಗಾರನು ಬಹುಮಟ್ಟಿಗೆ ಗುರುವಿನ ಕೈಕೆಳಗೆ ನೋಡಿ, ಕೇಳಿ ಕಲಿಯುತ್ತಾನೆ. ನಿಯಮ ಪುಸ್ತಕದಲ್ಲಿ ಇಂಟರ್‌ಲಾಕ್ ಇರಬೇಕೆಂದಿದ್ದರೂ ‘ಡೈರೆಕ್ಟ್’ ಕೊಡಲು ಒತ್ತಾಯ ಬಂದಾಗ ಒಲ್ಲೆನೆನ್ನುವ ಧೈರ್ಯ ಮೌಖಿಕ ಪರಂಪರೆಯಿಂದಲೇ ಬರಬೇಕು. ಆದ್ದರಿಂದ ವೃತ್ತಿಪದಕೋಶಗಳಲ್ಲಿ ತೂಬು, ನೀರುಗಂಟಿಗಳ ಜೊತೆಗೆ ಚೇಂಜ್‌ಓವರ್, ಫೆರೂಲ್, ಡೈರೆಕ್ಟ್ ಎಂಬ ಪದಗಳೂ ಅವುಗಳ ಬಳಕೆಯ ಸಂದರ್ಭಸಹಿತವಾಗಿ ದಾಖಲಾಗುವುದು ಅಗತ್ಯ. ಈ ಪದಗಳ ಅರ್ಥ ಮುಂದಿನ ತಲೆಮಾರಿನ ಕೆಲಸಗಾರನಿಗೆ ಪೂರ್ತಿಯಾಗಿ ತಲುಪುವುದರ ಮೇಲೆ ಕಂಬವೇರುವವನ ಜೀವ ನಿಂತಿದೆ.