ಸ್ಕ್ಯಾನರ್‌ಗೆ ಸಿಗ್ನಲ್ ಮೀಟರ್: ಎಲ್ಲಿ ಕೈ ಹಾಕಬೇಕು?

1980, 90ರ ದಶಕಗಳ ಅನಲಾಗ್ ಸ್ಕ್ಯಾನರ್‌ಗಳು ಇವತ್ತಿಗೂ ಗಟ್ಟಿಮುಟ್ಟಾಗಿವೆ. ರೇಡಿಯೊ ಷ್ಯಾಕ್‌ನ ರಿಯಲಿಸ್ಟಿಕ್, ಯುನಿಡೆನ್‌ನ ಬೇರ್‌ಕ್ಯಾಟ್ ಸೆಟ್ಟುಗಳು ಚಾನೆಲ್‌ಗಳನ್ನು ಒಂದರ ಹಿಂದೊಂದು ತಡಕಿ, ಸಿಗ್ನಲ್ ಸಿಕ್ಕಲ್ಲಿ ನಿಲ್ಲುತ್ತವೆ. ಆ ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ ಎಂಬುದನ್ನು ಮಾತ್ರ ಅವುಗಳಲ್ಲಿ ಹೆಚ್ಚಿನವು ತೋರಿಸುವುದಿಲ್ಲ. ಹೊಸ ಆಂಟೆನಾ ಕಟ್ಟಿದವರಿಗೆ ಇದು ದೊಡ್ಡ ಕೊರತೆ. ಹಳೆಯದಕ್ಕಿಂತ ಇದು ನಿಜವಾಗಿ ವಾಸಿಯೋ ಅಲ್ಲವೋ ಎಂದು ತಿಳಿಯಲು ದಾರಿಯೇ ಇಲ್ಲ.

ಕಿವಿಯನ್ನು ನಂಬೋಣವೆಂದರೆ ಎಫ್‌ಎಂ ಅದಕ್ಕೆ ಆಸ್ಪದ ಕೊಡುವುದಿಲ್ಲ. ಸಿಗ್ನಲ್ ತೀರ ಕ್ಷೀಣವಾಗಿದ್ದಾಗ ಬುಸ್ಸೆನ್ನುವ ಸದ್ದು ಕೇಳುತ್ತದೆ, ಸ್ವಲ್ಪ ಬಲ ಬಂದೊಡನೆ ಅದು ಅಡಗುತ್ತದೆ. ಅಲ್ಲಿಂದಾಚೆ 5 ಮೈಕ್ರೋವೋಲ್ಟ್ ಬಂದರೂ 500 ಮೈಕ್ರೋವೋಲ್ಟ್ ಬಂದರೂ ಕಿವಿಗೆ ಒಂದೇ. ನೂರು ಪಟ್ಟು, ಅಂದರೆ 40 ಡಿಬಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇದಕ್ಕೆ ಕಾರಣ ಸೆಟ್ಟಿನೊಳಗಿನ ಲಿಮಿಟರ್. ಎಫ್‌ಎಂನಲ್ಲಿ ಮಾತು ಇರುವುದು ಆವರ್ತನದ ಏರಿಳಿತದಲ್ಲಿ. ಆದ್ದರಿಂದ ಲಿಮಿಟರ್ ಅಲೆಯ ಎತ್ತರವನ್ನು ಒಂದೇ ಮಟ್ಟಕ್ಕೆ ಕತ್ತರಿಸಿ ಮುಂದಕ್ಕೆ ಕಳಿಸುತ್ತದೆ. ನಮಗೆ ಬೇಕಾದ ಮಾಹಿತಿ ಹೀಗೆ ಕತ್ತರಿಸಿ ಎಸೆದ ಆ ಎತ್ತರದಲ್ಲೇ ಇತ್ತು. ಹಾಗಾಗಿ ಸ್ಪೀಕರ್ ತಂತಿಗೋ ಆಡಿಯೊ ಔಟ್‌ಪುಟ್‌ಗೋ ಮುಳ್ಳಿನ ಮೀಟರ್ ಸಿಕ್ಕಿಸಿ ಪ್ರಯೋಜನವಿಲ್ಲ. ಅದು ಮಾತಾಡುವವರ ದನಿಯ ಏರಿಳಿತಕ್ಕೆ ಕುಣಿಯುತ್ತದೆ, ಅಷ್ಟೆ. ಸಿಗ್ನಲ್ಲನ್ನು ಲಿಮಿಟರ್‌ಗೆ ಹೋಗುವ ಮುಂಚೆಯೇ ಹಿಡಿಯಬೇಕು.

ಮುಚ್ಚಳ ತೆಗೆದು ಮೊದಲು ಐಎಫ್ (ಮಧ್ಯಂತರ ಆವರ್ತನ) ಐಸಿಯ ನಂಬರ್ ಓದಿ. ಎಂಸಿ3371 ಅಥವಾ ಎಸ್‌ಎ604 ಎಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸಿಗ್ನಲ್ ಬಲಕ್ಕೆ ತಕ್ಕ ಕರೆಂಟನ್ನು ಹೊರಗೆ ಕೊಡುವ ಪಿನ್ ಅವುಗಳಲ್ಲೇ ಇದೆ: ಮೊದಲನೆಯದರಲ್ಲಿ 13ನೇ ಪಿನ್, ಎರಡನೆಯದರಲ್ಲಿ 5ನೇ ಪಿನ್. ಆದರೆ ಅನೇಕ ಸೆಟ್ಟುಗಳಲ್ಲಿರುವುದು ಎಂಸಿ3361 ಅಥವಾ ಅದಕ್ಕಿಂತ ಹಳೆಯ ಎಂಸಿ3357ರ ಜಾತಿ. 3361 ಮತ್ತು 3371ರ ಪಿನ್‌ಗಳು ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಮೋಸಹೋಗುವುದು ಸುಲಭ. 3361ರ 13ನೇ ಪಿನ್ ಸ್ಕ್ವೆಲ್ಚ್‌ಗೆ, ಅಂದರೆ ಸಿಗ್ನಲ್ ಇಲ್ಲದಾಗ ಸದ್ದಡಗಿಸುವ ಭಾಗಕ್ಕೆ ಸೇರಿದ್ದು. 'ನಿಲ್ಲು, ಮುಂದೆ ಹೋಗು' ಎಂದು ಸ್ಕ್ಯಾನಿಂಗ್‌ಗೆ ಆಜ್ಞೆ ಕೊಡುವುದು ಅದೇ. ಅಲ್ಲಿ ಮೀಟರ್ ಇಟ್ಟರೆ ಮುಳ್ಳು ಈ ತುದಿಯಿಂದ ಆ ತುದಿಗೆ ಹಾರುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ.

3361 ಇರುವ ಸೆಟ್ಟಿನಲ್ಲಿ ನಮಗೆ ಬೇಕಾದ ಜಾಗ 5ನೇ ಪಿನ್, ಲಿಮಿಟರ್‌ನ ಬಾಗಿಲು. 3ನೇ ಪಿನ್ನಿನಿಂದ ಹೊರಟ ಮಿಕ್ಸರ್ ಸಿಗ್ನಲ್ 455 ಕಿಲೋಹರ್ಟ್ಸ್‌ನ ಸೆರಾಮಿಕ್ ಫಿಲ್ಟರ್ ದಾಟಿ ಇಲ್ಲಿಗೆ ಬರುತ್ತದೆ. ಫಿಲ್ಟರ್‌ಗೆ ಮೊದಲು, 3ನೇ ಪಿನ್ನಲ್ಲೇ ತೆಗೆದುಕೊಳ್ಳಬಾರದೇ? ಬಾರದು. ಅಲ್ಲಿ ಪಕ್ಕದ ಚಾನೆಲ್‌ಗಳ ಸಿಗ್ನಲ್ಲೂ 10.245 ಮೆಗಾಹರ್ಟ್ಸ್ ಆಸಿಲೇಟರ್‌ನ ಸೋರಿಕೆಯೂ ಕಲಸಿಕೊಂಡಿರುತ್ತವೆ. ಮೀಟರ್ ಯಾರದೋ ಬಲವನ್ನು ಯಾರದೋ ಎಂದು ತೋರಿಸಿಬಿಡುತ್ತದೆ.

5ನೇ ಪಿನ್ನಿಗೆ ಭಾರ ಬೀಳದಂತೆಯೂ ನೋಡಿಕೊಳ್ಳಬೇಕು. ಸೆರಾಮಿಕ್ ಫಿಲ್ಟರ್ ಸುಮಾರು 1.5ರಿಂದ 2 ಕಿಲೋಓಮ್ ಹೊರೆಗೆ ಹೊಂದಿಸಿದ ಭಾಗ. ಹೊರೆ ಹೆಚ್ಚಿದರೆ ಅದರ ಸೋಸುವ ಗುಣವೇ ಕೆಡುತ್ತದೆ. ಅದಕ್ಕಾಗಿ 10 ಪಿಕೋಫ್ಯಾರಡ್ ಕೆಪಾಸಿಟರ್ ಸಾಕು. 455 ಕಿಲೋಹರ್ಟ್ಸ್‌ನಲ್ಲಿ ಅದರ ಅಡ್ಡಿ ಸುಮಾರು 35 ಕಿಲೋಓಮ್, ಫಿಲ್ಟರ್‌ಗೆ ಇದು ಹೊರೆಯೇ ಅಲ್ಲ. ಕೆಪಾಸಿಟರ್‌ನ ಒಂದು ಕಾಲನ್ನು ನೇರವಾಗಿ ಐಸಿಯ ಕಾಲಿಗೇ ಬೆಸೆಯಿರಿ. ಉದ್ದ ತಂತಿ ಎಳೆದು ಅದರ ತುದಿಗೆ ಕೆಪಾಸಿಟರ್ ಹಾಕಿದರೆ ಆ ತಂತಿಯೇ ಗದ್ದಲ ಹೀರುವ ಆಂಟೆನಾ ಆಗುತ್ತದೆ.

ಕೆಪಾಸಿಟರ್ ಆದ ಮೇಲೆ ಒಂದು ಎಫ್‌ಇಟಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಪ್ರಯೋಗಕ್ಕೆ ಬಳಸುತ್ತಿದ್ದ ಬಿಎಫ್‌ಡಬ್ಲ್ಯು10 ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಗೇಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಮ್, ಸೋರ್ಸ್‌ಗೆ 1 ಕಿಲೋಓಮ್ ಮತ್ತು ಅದಕ್ಕೆ ಸಮಾಂತರವಾಗಿ 0.1 ಮೈಕ್ರೋಫ್ಯಾರಡ್. ಡ್ರೈನ್‌ನಲ್ಲಿ ಹಳೆಯ ಎಎಂ ಟ್ರಾನ್ಸಿಸ್ಟರ್ ರೇಡಿಯೊದ ಒಂದು ಐಎಫ್ ಟ್ರಾನ್ಸ್‌ಫಾರ್ಮರ್ (ಐಎಫ್‌ಟಿ) ಹಾಕಿ. ಅದೂ 455 ಕಿಲೋಹರ್ಟ್ಸ್‌ಗೇ ಟ್ಯೂನ್ ಆದದ್ದು, ಹಾಗಾಗಿ ಸಿಗ್ನಲ್ಲನ್ನು ಹಿಗ್ಗಿಸುವ ಜೊತೆಗೆ ಇನ್ನೊಮ್ಮೆ ಸೋಸಿಯೂ ಕೊಡುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇದನ್ನು ಹುಡುಕುವುದಕ್ಕಿಂತ ಕೆಟ್ಟುಹೋದ ಪಾಕೆಟ್ ರೇಡಿಯೊ ಒಂದನ್ನು ಬಿಚ್ಚುವುದು ಸಲೀಸು.

ಇಲ್ಲಿಂದ ಮುಂದೆ ಜರ್ಮೇನಿಯಂ ಡಯೋಡ್ ಹಾಕಿ ಮೀಟರ್ ಓಡಿಸುವುದು ಹಳೆಯ ರೂಢಿ. ಆದರೆ ಅಲ್ಲಿರುವ ಸಿಗ್ನಲ್ ಬಹುಪಾಲು ಹೊತ್ತು ಮಿಲಿವೋಲ್ಟ್‌ಗಳಲ್ಲೇ ಉಳಿಯುತ್ತದೆ. ಒಂದು ಮಟ್ಟ ದಾಟುವವರೆಗೆ ಡಯೋಡ್ ಬಾಯಿಬಿಡುವುದಿಲ್ಲ, ದಾಟಿದರೆ ಮುಳ್ಳು ಒಂದೇ ಜಿಗಿತಕ್ಕೆ ಕೊನೆ ಮುಟ್ಟುತ್ತದೆ. ರೇಡಿಯೊ ಸಿಗ್ನಲ್‌ಗಳ ಹರವು ಸಾವಿರಾರು ಪಟ್ಟಿನದು, ಅದನ್ನು ಅಳೆಯಲು ಲಾಗರಿದಮ್ ಅಳತೆಯೇ ಬೇಕು. ಅದಕ್ಕೆ ಎಡಿ8307 ಎಂಬ ಐಸಿ ನನ್ನ ಆಯ್ಕೆ. ಸುಮಾರು 90 ಡಿಬಿ ಹರವಿನಲ್ಲಿ ಪ್ರತಿ ಡಿಬಿಗೆ 25 ಮಿಲಿವೋಲ್ಟ್ ಕೊಡುತ್ತದೆ, 5 ವೋಲ್ಟ್‌ನಲ್ಲಿ ನಡೆಯುತ್ತದೆ. ಐಎಫ್‌ಟಿಯ ಸೆಕೆಂಡರಿಯನ್ನು 10 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ಇದರ ಇನ್‌ಪುಟ್‌ಗೆ ಕೊಡಿ. ಒಂದು ಸೂಕ್ಷ್ಮ ಮರೆಯಬಾರದು: 455 ಕಿಲೋಹರ್ಟ್ಸ್ ಈ ಐಸಿಗೆ ಕೆಳಮಟ್ಟದ ಆವರ್ತನ. ಆದ್ದರಿಂದ 3ನೇ ಪಿನ್ನಿನಿಂದ ಗ್ರೌಂಡ್‌ಗೆ 1 ಮೈಕ್ರೋಫ್ಯಾರಡ್ ಹಾಕಲೇಬೇಕು. ಔಟ್‌ಪುಟ್‌ಗೆ, ಅಂದರೆ 4ನೇ ಪಿನ್ನಿಗೂ 1 ಮೈಕ್ರೋಫ್ಯಾರಡ್ ಹಾಕಿದರೆ ನಡುಕ ನಿಲ್ಲುತ್ತದೆ. ಇನ್ನೂ ದೊಡ್ಡದು ಹಾಕಿದರೆ ಸ್ಕ್ಯಾನಿಂಗ್‌ನ ವೇಗಕ್ಕೆ ಮೀಟರ್ ಹಿಂದೆ ಬೀಳುತ್ತದೆ.

ತೋರಿಸಲು ಹತ್ತು ಎಲ್‌ಇಡಿಗಳ ಸಾಲು ಚೆಂದ. ಸಿಗ್ನಲ್ ಮೀಟರ್ ಎಂದೊಡನೆ ಅನೇಕರು ಎಲ್‌ಎಂ3915 ಕೊಳ್ಳುತ್ತಾರೆ. ಅದು ತಾನೇ ಲಾಗರಿದಮ್ ಹಾಕುವ ಐಸಿ, ನಮ್ಮ ವೋಲ್ಟೇಜ್ ಆಗಲೇ ಲಾಗರಿದಮ್‌ನಲ್ಲಿದೆ. ಇಲ್ಲಿ ಬೇಕಾದದ್ದು ಸಮ ಅಂತರದ ಎಲ್‌ಎಂ3914. ಹವ್ಯಾಸಿ ರೇಡಿಯೊ ಒಕ್ಕೂಟ ಐಎಆರ್‌ಯು 1981ರಲ್ಲಿ ಒಪ್ಪಿದ ಅಳತೆಯಂತೆ ಒಂದು ಎಸ್-ಯೂನಿಟ್ ಎಂದರೆ 6 ಡಿಬಿ, 30 ಮೆಗಾಹರ್ಟ್ಸ್‌ಗಿಂತ ಮೇಲೆ ಎಸ್9 ಎಂದರೆ 50 ಓಮ್‌ಗೆ 5 ಮೈಕ್ರೋವೋಲ್ಟ್. ಒಂದು ದೀಪಕ್ಕೆ ಒಂದು ಎಸ್-ಯೂನಿಟ್ ಇಟ್ಟರೆ, 6 ಡಿಬಿಗೆ 150 ಮಿಲಿವೋಲ್ಟ್ ಲೆಕ್ಕದಲ್ಲಿ ಹತ್ತು ಎಲ್‌ಇಡಿಗೆ 1.5 ವೋಲ್ಟ್. 3914ರ ಕೆಳಗಿನ ಮಿತಿಯನ್ನು ಒಂದು ಪ್ರಿಸೆಟ್‌ನಿಂದ ಖಾಲಿ ಚಾನೆಲ್‌ನ ವೋಲ್ಟೇಜಿಗೆ ಇಡಿ, ಮೇಲಿನ ಮಿತಿಯನ್ನು ಅದಕ್ಕಿಂತ 1.5 ವೋಲ್ಟ್ ಎತ್ತರಕ್ಕೆ. ಖಾಲಿ ಚಾನೆಲ್‌ನಲ್ಲೂ ಈ ವೋಲ್ಟೇಜ್ ಸೊನ್ನೆಯಾಗುವುದಿಲ್ಲ, ಸೆಟ್ಟಿನ ಸ್ವಂತ ಗದ್ದಲವೇ ಅಲ್ಲಿ ಅಳತೆಗೆ ಸಿಗುತ್ತದೆ. ಬ್ಯಾಟರಿ ಸೆಟ್ಟಾದರೆ 3914ರ 9ನೇ ಪಿನ್ ಯಾವುದಕ್ಕೂ ಸೇರಿಸದೆ ಬಿಡಿ. ಆಗ ಒಂದೇ ದೀಪ ಉರಿದು ಬ್ಯಾಟರಿ ಉಳಿಯುತ್ತದೆ.

ಟ್ಯೂನ್ ಮಾಡುವಾಗ, ನಡುವೆ ನಿಲ್ಲದೆ ಬರುವ ಒಂದು ಕ್ಷೀಣ ಎಫ್‌ಎಂ ಸಿಗ್ನಲ್ ಹಿಡಿದು, ಎಡಿ8307ರ 4ನೇ ಪಿನ್ನಿನ ವೋಲ್ಟೇಜ್ ಗರಿಷ್ಠವಾಗುವವರೆಗೆ ಐಎಫ್‌ಟಿಯ ಕೋರ್ ತಿರುಗಿಸಿ. ಲೋಹದ ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ಕಿನದೇ ಇರಲಿ. ಆಕಾಶವಾಣಿಯ ಎಫ್‌ಎಂ ಕೇಂದ್ರ ಇದಕ್ಕೆ ಬರುವುದಿಲ್ಲ. ಅಗಲ ಎಫ್‌ಎಂ ಸಾಮಾನ್ಯವಾಗಿ ಬೇರೆ ದಾರಿಯಲ್ಲಿ ಹೋಗುವುದರಿಂದ 455 ಕಿಲೋಹರ್ಟ್ಸ್‌ನ ಈ ಮೀಟರ್‌ಗೆ ಅದು ಕಾಣದು. ನಮ್ಮಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳಲು, ಕೇಳಲು ಸರ್ಕಾರದ ನಿಯಮಗಳಿವೆ. ಹವ್ಯಾಸಿ ಪರವಾನಗಿ ಉಳ್ಳವರಿಗೆ 144ರಿಂದ 146 ಮೆಗಾಹರ್ಟ್ಸ್ ಬ್ಯಾಂಡಿನ ರಿಪೀಟರ್ ಒಳ್ಳೆಯ ಆಧಾರ.

ಸಿಗ್ನಲ್ ಜನರೇಟರ್ ಇಲ್ಲದವರು ಎರಡು 150 ಓಮ್, ಒಂದು 39 ಓಮ್ ರೆಸಿಸ್ಟರ್‌ನಲ್ಲಿ ಅಟೆನ್ಯುಯೇಟರ್ ಮಾಡಿಕೊಳ್ಳಬಹುದು. 39 ಓಮ್ ಸಿಗ್ನಲ್‌ನ ದಾರಿಯಲ್ಲಿ, 150 ಓಮ್‌ಗಳು ಅದರ ಎರಡು ತುದಿಗಳಿಂದ ಗ್ರೌಂಡ್‌ಗೆ. 50 ಓಮ್ ಕೇಬಲ್‌ನಲ್ಲಿ ಇದು ಸುಮಾರು 6 ಡಿಬಿ ಇಳಿಸುತ್ತದೆ. ಆಂಟೆನಾಗೂ ಸೆಟ್ಟಿಗೂ ನಡುವೆ ಇದನ್ನಿಟ್ಟಾಗ ಸರಿಯಾಗಿ ಒಂದು ಎಲ್‌ಇಡಿ ಇಳಿಯಬೇಕು. ಒಂದೂ ಇಳಿಯದಿದ್ದರೆ ಸಿಗ್ನಲ್ ಎಷ್ಟು ಬಲವಾಗಿದೆಯೆಂದರೆ ಮುಂದಿನ ಹಂತಗಳು ತುಂಬಿಹೋಗಿವೆ, ಇಲ್ಲವೇ ಅದು ಆಂಟೆನಾ ಬಿಟ್ಟು ಸೆಟ್ಟಿನ ಪ್ಲಾಸ್ಟಿಕ್ ಕವಚದಿಂದಲೇ ಒಳಗೆ ನುಗ್ಗುತ್ತಿದೆ.

ಇಷ್ಟಾದರೆ ಅಳತೆಗೆ ಅರ್ಥ ಬರುತ್ತದೆ. ಸೆಟ್ಟಿನ ರಬ್ಬರ್ ಆಂಟೆನಾ ತೆಗೆದು, 145 ಮೆಗಾಹರ್ಟ್ಸ್‌ಗೆ ಸುಮಾರು 49 ಸೆಂಟಿಮೀಟರ್ ಉದ್ದದ ಕಾಲು-ಅಲೆ ಸರಳು ನಿಲ್ಲಿಸಿ, ಎಷ್ಟು ದೀಪ ಏರಿತೆಂದು ನೋಡಬಹುದು. ಅದನ್ನು ತಾರಸಿಗೆ ಏರಿಸುವಾಗ ಕೇಬಲ್ಲಿನ ಲೆಕ್ಕವನ್ನೂ ಹಿಡಿಯಬೇಕು. 150 ಮೆಗಾಹರ್ಟ್ಸ್ ಸುಮಾರಿಗೆ 30 ಮೀಟರ್ ಆರ್‌ಜಿ-58 ಕೇಬಲ್ ಸುಮಾರು 6 ಡಿಬಿ ನುಂಗುತ್ತದೆ. ಎತ್ತರದಿಂದ ಎರಡು ದೀಪ ಗಳಿಸಿದರೆ ಅದರಲ್ಲಿ ಒಂದು ಕೇಬಲ್ಲಿಗೇ ಹೋಗುತ್ತದೆ.