ನೀರಿನಡಿಯ ಉಸಿರಿಗೊಂದು ಸ್ಪ್ರಿಂಗ್

ಮಕ್ಕಳೇ, ನಿಮ್ಮ ಟಿಕ್ ಟಿಕ್ ಪೆನ್ನನ್ನು ಬಿಚ್ಚಿ ಒಳಗಿನ ಪುಟ್ಟ ಸ್ಪ್ರಿಂಗನ್ನು ಹೊರತೆಗೆಯಿರಿ. ಗೆಳೆಯರ ಹತ್ತಿರ ಬೇರೆ ಬಗೆಯ ಪೆನ್ನಿದ್ದರೆ ಅದರ ಸ್ಪ್ರಿಂಗನ್ನು ನಿಮ್ಮದಕ್ಕೆ ಹಾಕಿ ನೋಡಿ. ಏನಾಯಿತು? ಕೆಲವು ಪೆನ್ನುಗಳಲ್ಲಿ ಗುಂಡಿ ಒತ್ತಲು ಬಲ ಸಾಲದು. ಇನ್ನು ಕೆಲವುಗಳಲ್ಲಿ ಹೊರಬಂದ ರೀಫಿಲ್ ಮತ್ತೆ ಒಳಗೆ ಹೋಗುವುದೇ ಇಲ್ಲ. ಪೆನ್ನಾದರೆ ನಕ್ಕು ಸುಮ್ಮನಾಗಬಹುದು. ಆದರೆ ಇಂಥದೇ ಒಂದು ಸ್ಪ್ರಿಂಗನ್ನು ನಂಬಿ ಉಸಿರಾಡುವವರೂ ಇದ್ದಾರೆ!

ನಮ್ಮ ಸೂಲಿಬೆಲೆಯಿಂದ ಕಡಲು ನೂರಾರು ಕಿಲೋಮೀಟರ್ ದೂರ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರಕ್ಕೆ ಹೋದರೆ ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಹವಳ, ಬಣ್ಣಬಣ್ಣದ ಮೀನುಗಳನ್ನು ನೋಡಲು ಜನ ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಇದೇ ಸ್ಕೂಬಾ ಮುಳುಗು.

ತುಂಬಿದ ಸಿಲಿಂಡರಿನೊಳಗೆ ಗಾಳಿಯ ಒತ್ತಡ ಎಷ್ಟು ಗೊತ್ತೇ? ನಮ್ಮ ಸುತ್ತಲಿನ ವಾತಾವರಣದ ಒತ್ತಡದ ಸುಮಾರು 200 ಪಟ್ಟು! ಅದನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶ ಹರಿದೇ ಹೋದೀತು. ಆದ್ದರಿಂದ ಒತ್ತಡವನ್ನು ಎರಡು ಹಂತಗಳಲ್ಲಿ ಇಳಿಸುತ್ತಾರೆ. ಸಿಲಿಂಡರಿನ ಕತ್ತಿಗೆ ಜೋಡಿಸಿರುವ ಮೊದಲ ಹಂತದ ರೆಗ್ಯುಲೇಟರ್ ಅದನ್ನು 9 ಅಥವಾ 10 ಪಟ್ಟಿಗೆ ಇಳಿಸುತ್ತದೆ. ಲಾರಿ ಚಕ್ರದಲ್ಲಿರುವ ಗಾಳಿಗಿಂತ ಇದು ಸ್ವಲ್ಪ ಹೆಚ್ಚು, ಅಷ್ಟೆ. ಬಾಯಲ್ಲಿ ಕಚ್ಚಿ ಹಿಡಿಯುವ ಎರಡನೇ ಹಂತವು ಉಸಿರಾಡಲು ತಕ್ಕಷ್ಟಕ್ಕೆ ಇಳಿಸುತ್ತದೆ.

ಮೊದಲ ಹಂತದ ಒಂದು ಬಗೆಯಲ್ಲಿ ಒಂದು ಪಿಸ್ಟನ್, ಅದಕ್ಕೊಂದು ಗಟ್ಟಿ ಸ್ಪ್ರಿಂಗ್ ಇರುತ್ತವೆ. ಸ್ಪ್ರಿಂಗ್ ಕವಾಟವನ್ನು ತೆರೆಯಲು ತಳ್ಳುತ್ತದೆ. ಒಳಗೆ ನುಗ್ಗಿದ ಗಾಳಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಕವಾಟವನ್ನು ಮುಚ್ಚಲು ನೋಡುತ್ತದೆ. ಹಗ್ಗ ಜಗ್ಗಾಟವಿದ್ದಂತೆ! ಗಾಳಿಯ ಬಲ ಸ್ಪ್ರಿಂಗಿನ ಬಲಕ್ಕೆ ಸಮವಾದೊಡನೆ ಕವಾಟ ಮುಚ್ಚುತ್ತದೆ. ಮುಳುಗಿದವರು ಉಸಿರೆಳೆದಾಗ ಒಳಗಿನ ಗಾಳಿ ಕಡಿಮೆಯಾಗಿ ಸ್ಪ್ರಿಂಗ್ ಗೆಲ್ಲುತ್ತದೆ, ಕವಾಟ ಮತ್ತೆ ತೆರೆಯುತ್ತದೆ. ಅಂದರೆ ಎಷ್ಟು ಒತ್ತಡಕ್ಕೆ ಕವಾಟ ಮುಚ್ಚಬೇಕೆಂದು ತೀರ್ಮಾನಿಸುವುದು ಸ್ಪ್ರಿಂಗೇ.

ಬಾವಿಯಲ್ಲಿ ಈಜು ಕಲಿತ ಅಜ್ಜಂದಿರನ್ನು ಕೇಳಿ, ತಳಕ್ಕೆ ಮುಳುಗಿದರೆ ಕಿವಿ ನೋಯುತ್ತದೆ ಎನ್ನುತ್ತಾರೆ. ಪ್ರತಿ 10 ಮೀಟರ್ ಆಳಕ್ಕೆ ನೀರು ಇನ್ನೊಂದು ವಾತಾವರಣದಷ್ಟು ಒತ್ತಡ ಹಾಕುತ್ತದೆ. ಸ್ಪ್ರಿಂಗ್ ಇರುವ ಕೋಣೆಗೆ ನೀರು ಬರಲು ತೂತುಗಳಿರುತ್ತವೆ. 20 ಮೀಟರ್ ಆಳದಲ್ಲಿ ನೀರೂ ಸ್ಪ್ರಿಂಗಿನ ಪಕ್ಷ ಸೇರಿ ತಳ್ಳುವುದರಿಂದ ಗಾಳಿಯ ಒತ್ತಡ ತಾನಾಗಿಯೇ 2 ವಾತಾವರಣದಷ್ಟು ಏರುತ್ತದೆ. ಎಂಥ ಜಾಣ ಏರ್ಪಾಡು!

ಈಗ ಒಂದು ರೆಗ್ಯುಲೇಟರಿನ ಸ್ಪ್ರಿಂಗನ್ನು ಇನ್ನೊಂದಕ್ಕೆ ಹಾಕಿದರೆ? ಸ್ವಲ್ಪ ಲೆಕ್ಕ ಮಾಡೋಣ. ಪಿಸ್ಟನ್ನಿನ ಮುಖ 4 ಚದರ ಸೆಂಟಿಮೀಟರ್ ಇದೆಯೆನ್ನಿ. ಒಂದು ವಾತಾವರಣದ ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ. 9 ವಾತಾವರಣಕ್ಕೆ 36 ಕಿಲೋ ಆಯಿತು. ಏಳನೇ ತರಗತಿಯ ಒಬ್ಬ ಹುಡುಗನ ತೂಕವನ್ನು ಈ ಸ್ಪ್ರಿಂಗ್ ತಡೆದುಕೊಳ್ಳಬೇಕು!

ಹೆಚ್ಚು ಒತ್ತಿದಷ್ಟೂ ಸ್ಪ್ರಿಂಗ್ ಅದೇ ಪ್ರಮಾಣದಲ್ಲಿ ಹೆಚ್ಚು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಈ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು. ತಂತಿಯ ದಪ್ಪದ ವಿಷಯ ಮಾತ್ರ ಬೇರೆ. ಉದ್ದ, ಅಗಲ, ಸುತ್ತುಗಳ ಸಂಖ್ಯೆ ಎಲ್ಲ ಒಂದೇ ಇದ್ದು ತಂತಿಯ ದಪ್ಪ ಹತ್ತರಲ್ಲಿ ಒಂದು ಪಾಲು ಹೆಚ್ಚಿದ್ದರೂ ಸ್ಪ್ರಿಂಗಿನ ಬಿಗಿ ಸುಮಾರು ಒಂದೂವರೆ ಪಟ್ಟಾಗುತ್ತದೆ. 1.1ನ್ನು ನಾಲ್ಕು ಸಲ ಬರೆದು ಗುಣಿಸಿ ನೋಡಿ, 1.46 ಬರುತ್ತದೆ. ಆಗ 9 ಇರಬೇಕಾದ ಒತ್ತಡ 13ಕ್ಕೆ ಏರುತ್ತದೆ. ಬಾಯಲ್ಲಿರುವ ಎರಡನೇ ಹಂತ ಅಷ್ಟನ್ನು ತಡೆಯಲಾರದು. ಗಾಳಿ ಬುಸುಬುಸು ಸೋರಿ ಸಿಲಿಂಡರ್ ಬೇಗನೆ ಬರಿದಾದೀತು. ಸ್ಪ್ರಿಂಗ್ ಸಡಿಲವಾಗಿದ್ದರೆ ಉಸಿರೆಳೆಯುವುದೇ ಕಷ್ಟ. ಕಣ್ಣಿಗೆ ಮಾತ್ರ ಎರಡು ಸ್ಪ್ರಿಂಗುಗಳೂ ಅವಳಿಜವಳಿಯಂತೆ ಕಾಣುತ್ತವೆ!

ಇದರ ನೆಂಟನೊಬ್ಬ ನಿಮ್ಮ ಅಡುಗೆಮನೆಯಲ್ಲೂ ಇದ್ದಾನೆ. ಗ್ಯಾಸ್ ಸಿಲಿಂಡರಿನ ಮೇಲಿನ ರೆಗ್ಯುಲೇಟರಿನಲ್ಲಿ ರಬ್ಬರ್ ಪೊರೆಯೂ ಸ್ಪ್ರಿಂಗೂ ಸೇರಿ, ಒಲೆಗೆ ಹೋಗುವ ಅನಿಲದ ಒತ್ತಡವನ್ನು ಹೊರಗಿನ ಗಾಳಿಗಿಂತ ನೂರಕ್ಕೆ 3 ಪಾಲಿನಷ್ಟೇ ಹೆಚ್ಚಾಗಿ ಇಡುತ್ತವೆ. (ಪೆನ್ನು ಬಿಚ್ಚಿದಂತೆ ಇದನ್ನು ಬಿಚ್ಚಲು ಹೋಗಬೇಡಿ, ಬೆಂಕಿಯ ಅಪಾಯವಿದೆ.) ನೆಂಟಸ್ತಿಕೆ ಬರಿಯ ಮಾತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಅನಿಲದಿಂದ ಓಡಿಸುತ್ತಿದ್ದರು. ಅದಕ್ಕಾಗಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಮಾಡಿದ್ದ ಕವಾಟವನ್ನೇ ತಿದ್ದಿ, ಅವರೂ ನೌಕಾಪಡೆಯ ಝಾಕ್ ಕೂಸ್ಟೊ ಅವರೂ 1943ರಲ್ಲಿ ನೀರಿನಡಿ ಉಸಿರಾಡುವ ಸಾಧನ ತಯಾರಿಸಿದರು.

ಹಾಗಾದರೆ ಹಳೆಯ ಸ್ಪ್ರಿಂಗ್ ಕೆಟ್ಟರೇನು ಗತಿ? ತಯಾರಕರು ಅದೇ ಮಾದರಿಗೆಂದು ಮಾಡಿದ ಸ್ಪ್ರಿಂಗನ್ನೇ ತಂತ್ರಜ್ಞರು ಹಾಕುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಒತ್ತಡಮಾಪಕ ಜೋಡಿಸಿ ಮುಳ್ಳು ಎಲ್ಲಿ ನಿಂತಿದೆಯೆಂದು ನೋಡುತ್ತಾರೆ. ಒತ್ತಡ ಕಡಿಮೆಯಿದ್ದರೆ ಕೆಲವು ಮಾದರಿಗಳಲ್ಲಿ ಸ್ಪ್ರಿಂಗಿನ ಕೆಳಗೆ ಕಾಗದದಷ್ಟು ತೆಳುವಾದ ಬಿಲ್ಲೆ ಇಟ್ಟು ಸ್ವಲ್ಪ ಹೆಚ್ಚು ಒತ್ತುತ್ತಾರೆ. ಆಮೇಲೂ ಸ್ವಲ್ಪ ಹೊತ್ತು ಕಾಯುತ್ತಾರೆ. ಮುಳ್ಳು ಮೆಲ್ಲಮೆಲ್ಲನೆ ಮೇಲೇರಿದರೆ ಕವಾಟ ಸರಿಯಾಗಿ ಮುಚ್ಚುತ್ತಿಲ್ಲವೆಂದು ಅರ್ಥ, ಮತ್ತೆ ಬಿಚ್ಚಬೇಕು. ಮುಳ್ಳು ನಿಂತಲ್ಲೇ ನಿಂತರೆ ಮಾತ್ರ ಆ ರೆಗ್ಯುಲೇಟರ್ ದೋಣಿ ಹತ್ತುತ್ತದೆ.