ಮಕ್ಕಳ ವರ್ಕ್‌ಶೀಟ್‌ಗೆ ಯಾವ ಕನ್ನಡ ಫಾಂಟ್ ಸೂಕ್ತ? ಶಿಕ್ಷಕರು, ಪೋಷಕರು ಗಮನಿಸಬೇಕಾದ ಅಂಶಗಳಿವು

‘ದನ’ ಎಂದರೆ ಹಸು, ಎಮ್ಮೆ. ‘ಧನ’ ಎಂದರೆ ಹಣ. ಬರಹದಲ್ಲಿ ಈ ಎರಡು ಪದಗಳನ್ನು ಬೇರೆ ಮಾಡುವುದು ಅಕ್ಷರದ ಕೆಳಗಿನ ಒಂದು ಪುಟ್ಟ ಗೀಟು. ವರ್ಕ್‌ಶೀಟನ್ನು ಎರಡು-ಮೂರು ಬಾರಿ ಜೆರಾಕ್ಸ್ ಮಾಡಿದಾಗ ಆ ಗೀಟು ಮಾಸಿಹೋದರೆ, ಮಗು ‘ಧನ’ವನ್ನೂ ‘ದನ’ ಎಂದೇ ಓದುತ್ತದೆ. ತಪ್ಪು ಕಾಗದದ್ದು. ಆದರೆ ‘ಮಹಾಪ್ರಾಣ ಸರಿಯಾಗಿ ಬರುವುದಿಲ್ಲ’ ಎಂಬ ಷರಾ ಬೀಳುವುದು ಮಗುವಿನ ಮೇಲೆ.

ಕರ್ನಾಟಕದಲ್ಲಿ ಬೆಳೆಯುವ ಮಗುವಿಗೆ ಇಂಥ ತಪ್ಪು ತಾನಾಗಿಯೇ ತಿದ್ದಿಕೊಳ್ಳಬಹುದು. ಬಸ್ಸಿನ ಬೋರ್ಡ್, ಅಂಗಡಿಯ ನಾಮಫಲಕ, ಗೋಡೆ ಬರಹಗಳಲ್ಲಿ ಅದೇ ಅಕ್ಷರ ದಿನವೂ ಕಣ್ಣಿಗೆ ಬೀಳುತ್ತದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡ ಮನೆಗಳ ಮಕ್ಕಳಿಗೆ ಈ ಅನುಕೂಲ ಇಲ್ಲ. ವಾರಾಂತ್ಯದ ಕನ್ನಡ ತರಗತಿಯ ಹಾಳೆ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್, ಇಷ್ಟೇ ಅವರು ನೋಡುವ ಕನ್ನಡ. ಹಾಗಾಗಿ ಆ ಹಾಳೆಯಲ್ಲಿರುವ ಅಕ್ಷರ ಸ್ಪಷ್ಟವಾಗಿರಬೇಕು. ಇದಕ್ಕೆ ಮೊದಲ ಹೆಜ್ಜೆ ಸರಿಯಾದ ಫಾಂಟ್ ಆಯ್ಕೆ.

ಕನ್ನಡ ಲಿಪಿಯಲ್ಲಿ ಎಡವಟ್ಟಾಗುವುದು ಎಲ್ಲಿ?

ಕನ್ನಡದ ಹಲವು ಅಕ್ಷರಗಳು ಒಂದೇ ಮೈಕಟ್ಟಿನವು. ದ-ಧ, ಡ-ಢ, ಬ-ಭ ಜೋಡಿಗಳಲ್ಲಿ ಮಹಾಪ್ರಾಣದ ಗೀಟೇ ಗುರುತು. ಧ-ಥ ಮತ್ತು ರ-ಠ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ಪ, ಫ, ಷ ಕೂಡ ಹೀಗೆಯೇ ಹತ್ತಿರದ ನೆಂಟರು. ‘ಕೊಡು’ ಮತ್ತು ‘ಕೋಡು’ ಪದಗಳಲ್ಲಿ ಅರ್ಥ ಬದಲಿಸುವುದು ದೀರ್ಘದ ಚಿಹ್ನೆ. ಗೆರೆ ತೀರಾ ತೆಳುವಾದ ಫಾಂಟ್‌ನಲ್ಲಿ ಈ ಗುರುತುಗಳು ಮುದ್ರಣದಲ್ಲಿ ಕಳೆದುಹೋಗುತ್ತವೆ. ತೀರಾ ದಪ್ಪನೆಯ ಫಾಂಟ್‌ನಲ್ಲಿ ಒಳಗಿನ ಜಾಗ ಮುಚ್ಚಿಹೋಗಿ ಚುಕ್ಕಿ ಕಾಣದಾಗುತ್ತದೆ.

ಇನ್ನೊಂದು ಸಮಸ್ಯೆ ಒತ್ತಕ್ಷರದ್ದು. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಕಡಿಮೆ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆಗಷ್ಟೇ ಓದು ಕಲಿಯುತ್ತಿರುವ ಮಗುವಿಗೆ ಯಾವ ಒತ್ತು ಯಾವ ಅಕ್ಷರಕ್ಕೆ ಸೇರಿದ್ದು ಎಂಬುದೇ ಗೊಂದಲ.

ಯಾವ ಫಾಂಟ್ ಬಳಸಬಹುದು?

ಪಾಠದ ಮುಖ್ಯ ಭಾಗಕ್ಕೆ ಅಲಂಕಾರವಿಲ್ಲದ, ಮಧ್ಯಮ ದಪ್ಪದ ಯುನಿಕೋಡ್ ಫಾಂಟ್ ಒಳ್ಳೆಯದು. ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ತೆಳುವಿನಿಂದ ದಪ್ಪದವರೆಗೆ ಹಲವು ರೂಪಗಳಲ್ಲಿದೆ. ವಿಂಡೋಸ್ 8 ಮತ್ತು ನಂತರದ ಕಂಪ್ಯೂಟರ್‌ಗಳಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ. ಮುಂಬೈನ ಏಕ್ ಟೈಪ್ ಸಂಸ್ಥೆ ರೂಪಿಸಿದ ಅನೇಕ್ ಕನ್ನಡ ಕೂಡ ಉಚಿತ. ಆದರೆ ಅದರ ಕಿರಿದಾದ ರೂಪಗಳನ್ನು ಮಕ್ಕಳ ಪಾಠಕ್ಕೆ ಬಳಸದಿರುವುದು ಒಳಿತು. ಅದೇ ಸಂಸ್ಥೆಯ ಬಾಲೂ ತಮ್ಮ ದುಂಡಗೆ, ಮುದ್ದಾಗಿದೆ. ಶೀರ್ಷಿಕೆಗೆ ಚೆಂದ, ಉದ್ದದ ಪಾಠಕ್ಕೆ ಭಾರ.

ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಹಾಳೆಗಳಲ್ಲಿ ಹಲವರು ಕಾಮಿಕ್ ಸ್ಯಾನ್ಸ್ ಆರಿಸುತ್ತಾರೆ. ಅದರಲ್ಲಿ ಇಂಗ್ಲಿಷಿನ ಸಣ್ಣ ‘ಎ’ ಅಕ್ಷರ ಮಕ್ಕಳು ಕೈಯಲ್ಲಿ ಬರೆಯುವಂತೆಯೇ ಇರುವುದು ಇದಕ್ಕೆ ಒಂದು ಕಾರಣ. ಆದರೆ ಕಾಮಿಕ್ ಸ್ಯಾನ್ಸ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಕನ್ನಡ ಸಾಲಿಗೆ ಅದನ್ನು ಆರಿಸಿದರೆ ಕಂಪ್ಯೂಟರ್ ಬೇರೊಂದು ಫಾಂಟ್ ತಂದು ಕೂರಿಸುತ್ತದೆ. ಆದ್ದರಿಂದ ಕನ್ನಡ ಸಾಲುಗಳಿಗೆ ಪ್ರತ್ಯೇಕವಾಗಿ ಕನ್ನಡ ಫಾಂಟ್ ಆರಿಸಬೇಕು.

ಗಾತ್ರ, ಅಂತರ ಎಷ್ಟಿರಬೇಕು?

ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. ಆದರೆ ಅದೇ 14 ಪಾಯಿಂಟ್‌ನಲ್ಲಿ ಒಂದು ಫಾಂಟ್ ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣುವುದುಂಟು. ಹಾಗಾಗಿ ಸಂಖ್ಯೆ ನೋಡಿ ನಿರ್ಧರಿಸದೆ ಒಂದು ಹಾಳೆ ಪ್ರಿಂಟ್ ತೆಗೆದು ನೋಡಬೇಕು. ಅಕ್ಷರ ಕಲಿಯುವ ಹಂತದ ಮಕ್ಕಳಿಗೆ 20 ಪಾಯಿಂಟ್‌ನಿಂದ ಆರಂಭಿಸಬಹುದು. ಸಾಲುಗಳ ಅಂತರ ಕನಿಷ್ಠ 1.5 ಇರಲಿ, ಒತ್ತಕ್ಷರದ ಪಾಠಕ್ಕೆ ಇನ್ನೂ ಹೆಚ್ಚಿದ್ದರೆ ಉತ್ತಮ.

ಮುಖ್ಯ ಪದಗಳಿಗೆ ಅಡಿಗೆರೆ ಹಾಕುವ ಅಭ್ಯಾಸ ಕನ್ನಡದಲ್ಲಿ ತೊಂದರೆ ಕೊಡುತ್ತದೆ, ಏಕೆಂದರೆ ಗೆರೆ ಒತ್ತಕ್ಷರವನ್ನೇ ಸೀಳಿಕೊಂಡು ಹೋಗುತ್ತದೆ. ಅಕ್ಷರಗಳನ್ನು ಓರೆಯಾಗಿಸುವುದೂ ಬೇಡ. ಒತ್ತಿ ಹೇಳಬೇಕಾದ ಪದವನ್ನು ದಪ್ಪ ಮಾಡಿದರೆ ಸಾಕು.

ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ

ಓದುವುದರಲ್ಲಿ ತೊಡಕಿರುವ ಮಕ್ಕಳಿಗೆ ಈ ಎಚ್ಚರಿಕೆ ಇನ್ನೂ ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಪಟ್ಟಿಯಲ್ಲಿ ಸೇರಿಸಿದೆ. ಇಂಗ್ಲಿಷ್‌ಗಾಗಿ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ನೀಡಿರುವ ಮಾರ್ಗಸೂಚಿ 12ರಿಂದ 14 ಪಾಯಿಂಟ್ ಗಾತ್ರ, 1.5 ಸಾಲಿನ ಅಂತರ ಸೂಚಿಸುತ್ತದೆ. ಅಡಿಗೆರೆ, ಓರೆ ಅಕ್ಷರ ಬೇಡ ಎನ್ನುತ್ತದೆ. ಇಟಾಲಿಯನ್ ಮತ್ತು ಫ್ರೆಂಚ್ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದಾಗ ಡಿಸ್ಲೆಕ್ಸಿಯಾ ಇರುವ ಮಕ್ಕಳ ಓದು ಸುಧಾರಿಸಿದ್ದು ಕಂಡುಬಂದಿತ್ತು. ಅಂದರೆ ‘ವಿಶೇಷ ಫಾಂಟ್’ ಹುಡುಕುವ ಮೊದಲು ಗಾತ್ರ ಮತ್ತು ಅಂತರವನ್ನು ಸರಿಪಡಿಸುವುದು ಯಾವುದೇ ಖರ್ಚಿಲ್ಲದ, ಸುಲಭದ ಕೆಲಸ.

ಹಳೆಯ ಫೈಲ್‌ಗಳಿದ್ದರೆ ಏನು ಮಾಡಬೇಕು?

ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಾಠಗಳು ಅನೇಕರ ಬಳಿ ಇವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ. ಅವನ್ನು ಒಮ್ಮೆ ಯುನಿಕೋಡ್‌ಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಿ ಇಟ್ಟುಕೊಂಡರೆ ಮುಂದೆ ಎಲ್ಲಿ ಬೇಕಾದರೂ ಬಳಸಬಹುದು. ವರ್ಕ್‌ಶೀಟನ್ನು ವರ್ಡ್ ಫೈಲ್ ಆಗಿ ಕಳುಹಿಸಿದರೆ ಪೋಷಕರ ಫೋನ್‌ನಲ್ಲಿ ಫಾಂಟ್ ಬದಲಾಗಿ ಸಾಲುಗಳು ಚೆಲ್ಲಾಪಿಲ್ಲಿಯಾಗಬಹುದು. ಪಿಡಿಎಫ್ ಮಾಡಿ ಕಳುಹಿಸುವುದೇ ಸುರಕ್ಷಿತ.

ಐದು ನಿಮಿಷದ ಪರೀಕ್ಷೆ

ಫಾಂಟ್ ಅಂತಿಮಗೊಳಿಸುವ ಮೊದಲು ಈ ಸಾಲನ್ನು ಟೈಪ್ ಮಾಡಿ: ದ ಧ ಥ, ಪ ಫ ಷ, ಬ ಭ, ಡ ಢ, ರ ಠ, ಕೆ ಕೇ, ಕೊ ಕೋ, ಜ್ಞ, ಸ್ತ್ರೀ, ರಾಷ್ಟ್ರ.

* ಪ್ರಿಂಟ್ ತೆಗೆದು, ಆ ಪ್ರತಿಯನ್ನು ಜೆರಾಕ್ಸ್ ಮಾಡಿ, ಜೆರಾಕ್ಸ್‌ನ ಮತ್ತೊಂದು ಜೆರಾಕ್ಸ್ ತೆಗೆಯಿರಿ.
* ಕೊನೆಯ ಪ್ರತಿಯಲ್ಲೂ ಗೀಟು, ಚುಕ್ಕಿ, ಒತ್ತು ಸ್ಪಷ್ಟವಾಗಿವೆಯೇ ನೋಡಿ.
* ಪ್ರೊಜೆಕ್ಟರ್ ಬಳಸುವುದಾದರೆ ಕೊನೆಯ ಬೆಂಚಿನಲ್ಲಿ ಕುಳಿತು ಓದಿ.
* ಫೋನ್‌ನಲ್ಲಿ ಕಳುಹಿಸುವುದಾದರೆ ಚಿಕ್ಕ ಪರದೆಯಲ್ಲಿ ಹಿಗ್ಗಿಸದೆ ಓದಿ.
* ಕೊನೆಗೆ ಒಬ್ಬ ಮಗುವಿಗೆ ಕೊಟ್ಟು, ಗಟ್ಟಿಯಾಗಿ ಓದಿಸಿ.

ಮಗು ಎಲ್ಲಿ ತಡವರಿಸುತ್ತದೋ ಆ ಅಕ್ಷರವನ್ನು ಗುರುತು ಹಾಕಿಕೊಳ್ಳಿ. ಅದೇ ಅಕ್ಷರವನ್ನು ದೊಡ್ಡದಾಗಿ, ಸ್ಪಷ್ಟವಾಗಿ ಬರೆದು ತೋರಿಸಿದಾಗ ಮಗು ಸರಿಯಾಗಿ ಓದಿದರೆ, ತಿದ್ದಬೇಕಾದದ್ದು ಹಾಳೆಯನ್ನು. ಆಗಲೂ ತಡವರಿಸಿದರೆ ಮಾತ್ರ ಆ ಅಕ್ಷರದ ಪಾಠವನ್ನು ಮತ್ತೆ ಮಾಡಬೇಕು.